ಹೂವಿನವಳ ಮೊಳ

ಕೋದಂಡರಾಮಪ್ಪನಿಗೆ ಹೆಂಗಸರ ಅಳತೆ ತೆಗೆಯುವ ಧೈರ್ಯ ಇರಲಿಲ್ಲ. ಮುಳಬಾಗಿಲಿನಲ್ಲಿ ಕ್ಲೋಸ್ ಕಾಲರ್ ಕೋಟು ಹೊಲಿಯಬಲ್ಲ ದರ್ಜಿ ಅವನೊಬ್ಬನೇ. ಆದರೆ ಕೋಟು ಹಾಕುತ್ತಿದ್ದ ಮುದುಕರು ಒಬ್ಬೊಬ್ಬರಾಗಿ ಹೋಗಿದ್ದರು. ಅವರ ಮೊಮ್ಮಕ್ಕಳು ರೆಡಿಮೇಡ್ ಬುಶ್ ಶರ್ಟಿಗೆ ಬಿದ್ದಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ರೇಷ್ಮೆ ಇಲಾಖೆಯ ಇನ್‌ಸ್ಪೆಕ್ಟರ್ ಶ್ಯಾಮಲಮ್ಮ ಮೊಪೆಡ್ ನಿಲ್ಲಿಸಿ, ತಮ್ಮ ತಾತನ ಕರಿ ಕೋಟನ್ನು ಮೆಷಿನ್ನಿನ ಮೇಲೆ ಹಾಕಿದರು.

"ಇದನ್ನ ನನ್ನಳತೆಗೆ ಮಾಡಿಕೊಡಿ. ಹಿಪ್ಪುನೇರಳೆ ತೋಟ ಸುತ್ತೋವಾಗ ಸೀರೆ ಮೇಲೆ ಹಾಕ್ಕೋಬೇಕು. ಸಂಜೆ ಬರ್ತೀನಿ. ಚೆನ್ನಾಗಿ ಬಂದ್ರೆ ನಮ್ಮ ಆಫೀಸಿನ ಏಳು ಜನ ಹೆಂಗಸರೂ ನಿಮ್ಮ ಹತ್ರಾನೇ ಹೊಲಿಸ್ತಾರೆ."

ಏಳು ಕೋಟು! ಕೋದಂಡರಾಮಪ್ಪನ ಎದೆ ಮೆಷಿನ್ನಿನ ಚಕ್ರದಂತೆ ಓಡಿತು. ಆದರೆ ಆಕೆ ಮಾತಾಡಿದಷ್ಟು ಹೊತ್ತೂ ಅವನು ನೋಡಿದ್ದು ಬಾಗಿಲಿನ ಚೌಕಟ್ಟನ್ನು. ಟೇಪು ಅವನ ಕೊರಳಲ್ಲಿ ಸತ್ತ ಹಾವಿನಂತೆ ನೇತಾಡುತ್ತಿತ್ತು. ಹೆಂಡತಿಯಿಂದ ಅಳತೆ ತೆಗೆಸೋಣವೆಂದರೆ ಅವಳು ನಂಗಲಿಯ ತವರಿನಲ್ಲಿದ್ದಳು.

ಎದುರು ಹೋಟೆಲಿನ ಸುಬ್ಬರಾಯಪ್ಪ ಯಾರೂ ಕೇಳದೆಯೇ ದಾರಿ ತೋರಿಸಿದ. "ಹೂವಿನ ಚಿಕ್ಕಗಂಗಮ್ಮನ್ನ ಕರೆಯೋ."

ಪಕ್ಕದ ಜಗಲಿಯಲ್ಲಿ ಹೂ ಮಾರುತ್ತಿದ್ದ ಚಿಕ್ಕಗಂಗಮ್ಮ ಬಂದಳು. ನುಗ್ಗೆಕಾಯಿಯಂಥ ಹೆಂಗಸು. ಟೇಪು ಬೇಡವೆಂದಳು.

"ನಂಗೆ ಅಂಕಿ ಓದಕ್ಕೆ ಬರಲ್ಲಪ್ಪ. ಮೊಳ ಹಾಕಕ್ಕೆ ಬರುತ್ತೆ."

ಶ್ಯಾಮಲಮ್ಮನವರನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದಳು: "ಎದೆ ಸುತ್ತ ಎರಡು ಮೊಳ! ಉದ್ದ ಒಂದೂವರೆ!"

ಶ್ಯಾಮಲಮ್ಮ ಹೊರಟ ಮೇಲೆ ಕೋದಂಡರಾಮಪ್ಪ ಮೊಳಕ್ಕೆ ಹದಿನೆಂಟಿಂಚು ಲೆಕ್ಕ ಹಾಕಿ ಸೀಮೆಸುಣ್ಣ ಎತ್ತಿಕೊಂಡ. ಸುಬ್ಬರಾಯಪ್ಪ ಅವನ ಕೈ ಹಿಡಿದ.

"ಲೇ, ಅದು ಹೂವಿನೋಳ ಮೊಳ ಕಣೋ! ಯಾವತ್ತಾದ್ರೂ ಹದಿನೆಂಟಿಂಚು ಕೊಟ್ಟಿದ್ದಾಳಾ ಅವಳು?"

ಮಾತು ನ್ಯಾಯವಾಗಿತ್ತು. ಇಬ್ಬರೂ ಸೇರಿ ಮೂರು ಸಲ ಒಂದೊಂದು ಮೊಳ ಕನಕಾಂಬರ ಕೊಂಡು ಟೇಪಿಗಿಟ್ಟರು. ಮೂರು ಸಲವೂ ಹದಿನಾಲ್ಕೇ ಇಂಚು, ಸರ್ಕಾರಿ ಮೊಹರು ಒತ್ತಿದ ಹಾಗೆ.

"ಚೂಸ್ತಿವಾ, ನೋಡಿದ್ಯಾ? ನಾನು ಹೇಳ್ಲಿಲ್ವಾ!" ಎಂದ ಸುಬ್ಬರಾಯಪ್ಪ.

"ಎದೆ ಇಪ್ಪತ್ತೆಂಟೇ ಆಯ್ತಲ್ಲೋ. ಆಯಮ್ಮ ಅಷ್ಟು ಸಣ್ಣಗಿದ್ದಾರಾ?"

"ನೀನು ನೋಡಿದ್ಯಾ?"

"ಇಲ್ಲ. ನೀನು?"

"ನಾನು ನೋಡಿದ್ದು ಮೊಪೆಡ್ಡು. ಕತ್ತರಿಸೋ, ಹೊತ್ತಾಯ್ತು."

ಕತ್ತರಿಸಿದ. ಅಪ್ಪ ಕಲಿಸಿದ್ದ ವಿದ್ಯೆಯನ್ನೆಲ್ಲ ಸುರಿದು ಕಾಲರು ನಿಲ್ಲಿಸಿದ, ಒಂದೊಂದು ಕಾಜಾವನ್ನೂ ಕೈಯಲ್ಲೇ ಹೊಲಿದ. ಜನ ನಿಂತು ನೋಡಿ ತಲೆದೂಗಿದರು.

ಸಂಜೆ ಶ್ಯಾಮಲಮ್ಮ ಕೋಟು ತೊಟ್ಟರು. ಒಂದು ತೋಳು ಹೋಯಿತು. ಇನ್ನೊಂದು ಭುಜದ ಹಿಂದೆಯೇ ಸಿಕ್ಕಿಕೊಂಡಿತು. ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು.

"ಇದು ಯಾರಳತೆ ರೀ?"

"ಚಿಕ್ಕಗಂಗಮ್ಮಂದು ಮೇಡಂ. ಅವಳ ಮೊಳ ಹದಿನಾಲ್ಕಿಂಚು, ಅದಕ್ಕೇ..."

ಚಿಕ್ಕಗಂಗಮ್ಮ ಹೂವಿನ ಬುಟ್ಟಿ ಬಿಟ್ಟು ಎದ್ದು ಬಂದಳು. "ಅದು ಹೂವಿಗೆ ಕಣೋ! ಹೂ ಅಳೆಯೋವಾಗ ಬೆರಳು ಮಡಚ್ತೀನಿ. ಆಫೀಸರಮ್ಮನ್ನ ಅಳೆಯೋವಾಗ ಮಡಚಕ್ಕಾಗುತ್ತಾ? ಪಾಪ ಬರಲ್ವಾ?"

"ನಮ್ಮ ತಾತ ಇದ್ದಿದ್ರೆ ಇದೇ ಕತ್ತರೀಲಿ ನಿಮ್ಮ ಮೂಗು ಕುಯ್ಯೋರು" ಎಂದು ಶ್ಯಾಮಲಮ್ಮ ಕೋಟು ಬಿಚ್ಚಿ ಚಿಕ್ಕಗಂಗಮ್ಮನ ಹೆಗಲಿಗೆ ಎಸೆದರು. ಅವಳು ತೊಟ್ಟುಕೊಂಡಳು. ಎರಕ ಹೊಯ್ದಂತೆ ಕೂತಿತು! ಶ್ಯಾಮಲಮ್ಮನವರಿಗೂ ನಗು ತಡೆಯಲಾಗಲಿಲ್ಲ. "ನೀನೇ ಇಟ್ಕೊಳ್ಳೇ. ನಾವೆಲ್ಲ ಸ್ವೆಟರ್ ಹೆಣೆದುಕೊಳ್ತೀವಿ" ಎಂದು ಮೊಪೆಡ್ ಹತ್ತಿದರು.

ತೋಳಿನ ಅಳತೆ ಯಾರೂ ಕೂಗದಿದ್ದರಿಂದ ಕೋದಂಡರಾಮಪ್ಪ ಅದನ್ನು ಮಾತ್ರ ತಾತನ ಉದ್ದಕ್ಕೇ ಬಿಟ್ಟಿದ್ದ. ಅದು ಚಿಕ್ಕಗಂಗಮ್ಮನ ಬೆರಳ ತುದಿಯನ್ನೂ ಮುಚ್ಚಿತ್ತು. ಒಳಗೆ ಅವಳು ಎಷ್ಟು ಬೆರಳು ಮಡಚುತ್ತಾಳೆಂಬುದು ಇನ್ನು ಯಾರಿಗೂ ಕಾಣುವಂತಿರಲಿಲ್ಲ. ಮರುದಿನ ಮೊಳ ಹನ್ನೆರಡು ಇಂಚಿಗೆ ಇಳಿಯಿತು.

ಆ ಕೋಟಿನಿಂದ ಕೋದಂಡರಾಮಪ್ಪ ಕಳೆದುಕೊಂಡದ್ದು ಏಳು ಕೋಟು. ಊರು ಕಳೆದುಕೊಂಡದ್ದು ಮೊಳಕ್ಕೆ ಎರಡಿಂಚು.