ಸಿಮೆಂಟಿನ ವಿಷಯವಾಗಿ ಒಂದು ಪ್ರಾರ್ಥನೆ

ಬಹಳ ಹಿಂದೆ, ಓದುಗ ಮಹಾಶಯರೇ, ನೀವು ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿಗಿಂತಲೂ ಹಿಂದೆ, ಸುಮುಖಾವತಿ ಎಂಬ ಹೆಸರಿನ ರಾಜ್ಯವೊಂದಿತ್ತು. ಅದನ್ನು ಮಂದಹಾಸ ಭೂಪಾಲನೆಂಬ ಅರಸನು ಆಳುತ್ತಿದ್ದನು. ಮುಗುಳ್ನಗುವುದೇ ಅವನ ರಾಜನೀತಿ. ನೆರೆ ಬಂದಾಗ ಹೆಲಿಕಾಪ್ಟರಿನಿಂದ ನಕ್ಕನು, ಬೇಳೆಯ ಬೆಲೆ ಏರಿದಾಗ ಉಪ್ಪರಿಗೆಯಿಂದ ನಕ್ಕನು. ಪ್ರಜೆಗಳಿಗೆ ಅಳು ಬಂದರೆ ಅದನ್ನು ಆನ್‌ಲೈನ್‌ನಲ್ಲಿ ದಾಖಲಿಸುವ ಸೌಲಭ್ಯವಿತ್ತು. ಸರ್ವರ್ ಮಾತ್ರ ಇರಲಿಲ್ಲ.

ರಾಜಧಾನಿಗೂ ಹಂಚಿನ ಕಾರ್ಖಾನೆಗೂ ನಡುವೆ ಒಂದು ಹೊಳೆ ಹರಿಯುತ್ತಿತ್ತು. ರಾಣಿಯ ತಮ್ಮನೂ ಲೋಕೋಪಯೋಗಿ ಮಂತ್ರಿಯೂ ಆದ ಶರಭಾಂಕನು ಅದಕ್ಕೊಂದು ಸೇತುವೆ ಕಟ್ಟಿಸಿದನು. ಉದ್ಘಾಟನೆಯ ಹಾರಗಳು ಬಾಡುವ ಮುಂಚೆಯೇ, ಒಂದು ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಸರಿಯಾಗಿ ಆ ಸೇತುವೆ ನಡುವೆ ಮುರಿದು ನೀರಿಗೆ ಬಿತ್ತು. ಖಾಲಿ ಬುತ್ತಿ ಹಿಡಿದು ಮನೆಗೆ ಹೊರಟವರು ಹೊಳೆಯ ಪಾಲಾದರು. ಅವರಲ್ಲಿ ಎಲ್ಲ ಜಾತಿಮತದವರೂ ಇದ್ದರು. ಹಂಚು ಸುಡುವ ಕೆಲಸದ ಸಿಲಾಸನೂ ಇದ್ದನು.

ಸಿಲಾಸನ ಹೆಂಡತಿ ದೊರ್ಕಾಬಾಯಿ ದಡಕ್ಕೆ ಓಡಿಬಂದಳು. ಹೊಳೆದಂಡೆಯ ಲೂಥರನ್ ಇಗರ್ಜಿಯ ಪಾದ್ರಿ ನತಾನಿಯೇಲ ಕರ್ಕಡರು ಆಗಲೇ ಮೊಣಕಾಲುದ್ದ ನೀರಿನಲ್ಲಿ ನಿಂತು ಹೆಣಗಳನ್ನು ಎಳೆಯುತ್ತಿದ್ದರು. ಅವಳು ಮುರಿದ ಕಂಬದ ಒಂದು ತುಂಡನ್ನು ಎತ್ತಿಕೊಂಡಳು. ಅದು ಅವಳ ಮುಷ್ಟಿಯಲ್ಲೇ ಮರಳಾಗಿ ಉದುರಿತು.

"ಅಯ್ಯನವರೇ, ಇದು ಬರೀ ಹೊಯಿಗೆ," ಎಂದಳು. "ಸಿಮೆಂಟೇ ಇಲ್ಲ."

ಅರಮನೆಯಲ್ಲಿ ತುರ್ತುಸಭೆ ನೆರೆಯಿತು.

"ಮಹಾಪ್ರಭು, ಪ್ರಜೆಗಳು ತನಿಖೆ ಕೇಳುತ್ತಿದ್ದಾರೆ," ಎಂದನು ಶರಭಾಂಕ.

"ಕೊಡೋಣವೇ?"

"ಕೊಡಬಹುದು. ಆದರೆ ಅದು ನಡೆದುಕೊಂಡು ನಿಮ್ಮ ಭಾವಮೈದುನನ ಮನೆಯ ತನಕ ಬರುತ್ತದೆ."

"ಹಾಗಿದ್ದರೆ ಬೇಡ. ಬೇರೇನಾದರೂ ಕೊಡು."

"ಪ್ರಾರ್ಥನೆ ಕೊಡೋಣ, ಪ್ರಭು. ಎಲ್ಲ ಧರ್ಮದವರನ್ನೂ ಒಂದೇ ವೇದಿಕೆಗೆ ಕರೆಯೋಣ. ಕಣ್ಣು ಮುಚ್ಚಿದ ಪ್ರಜೆಗೆ ಕಂಬ ಕಾಣುವುದಿಲ್ಲ."

"ಆಹಾ! ನೀನು ಲೋಕೋಪಯೋಗಿ ಮಂತ್ರಿಯಲ್ಲ ಕಣಯ್ಯಾ, ಪರಲೋಕೋಪಯೋಗಿ ಮಂತ್ರಿ," ಎಂದು ಅರಸನು ಬೆನ್ನು ತಟ್ಟಿದನು.

ಮರುದಿನವೇ ಡಂಗುರವಾಯಿತು. ರಾಜಕ್ರೀಡಾಂಗಣದಲ್ಲಿ ಸರ್ವಧರ್ಮ ಶೋಕ ಸೌಹಾರ್ದ ಮಹಾಪ್ರಾರ್ಥನಾ ಸಮಾವೇಶ. ಎಲ್‌ಇಡಿ ಪರದೆ, ಬಿಳಿ ಸೋಫಾ, ಗಣ್ಯರಿಗೆ ಎಳನೀರು. ದುಃಖಿತರಿಗೆ ಹಿಂದಿನ ಗ್ಯಾಲರಿಯಲ್ಲಿ ಉಚಿತ ಪ್ರವೇಶ.

ಮಠದವರು ಒಪ್ಪಿದರು, ಮಸೀದಿಯವರು ಒಪ್ಪಿದರು, ಬಸದಿಯವರು ಒಪ್ಪಿದರು. ಒಪ್ಪದವರೆಂದರೆ ಆ ರಾಜ್ಯದ ಲೂಥರನ್ ಸಭೆಯ ಅಧ್ಯಕ್ಷರಾದ ರೆವರೆಂಡ್ ಹೆರ್ಮನ್ ಐಮನ್ನರು ಮಾತ್ರ. ಅವರು ಕೆಟ್ಟ ಮನುಷ್ಯರೇನಲ್ಲ. ಲಂಚ ಮುಟ್ಟಿದವರಲ್ಲ, ಸುಳ್ಳು ಆಡಿದವರಲ್ಲ, ನಕ್ಕವರೂ ಅಲ್ಲ. "ದೇವರು ಒಬ್ಬನೇ ಎಂದು ಭಾನುವಾರ ಸಾರುತ್ತೇವೆ. ಸೋಮವಾರ ಹೋಗಿ ಹತ್ತು ಜನರ ಸಾಲಿನಲ್ಲಿ ನಿಂತು, ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥಿಸಿದರೆ, ಜನ ಏನೆಂದುಕೊಂಡಾರು? ಸಂತೆಯಲ್ಲಿ ನಮ್ಮದೂ ಒಂದು ಅಂಗಡಿ ಅಂದುಕೊಂಡಾರು," ಎಂಬುದು ಅವರ ವಾದ. ಇದು ಹುರುಳಿಲ್ಲದ ಮಾತೆಂದು ನಾನು ಹೇಳಲಾರೆ. ಸರ್ಕಾರ ಬರೆದುಕೊಟ್ಟ ಕಾರ್ಯಕ್ರಮಪಟ್ಟಿಯಲ್ಲಿ ದೇವರು ನಿಜಕ್ಕೂ ನಾಡಗೀತೆಗೂ ವಂದನಾರ್ಪಣೆಗೂ ನಡುವೆ ಸಿಕ್ಕಿಕೊಂಡಿದ್ದನು.

ಹೊಳೆದಂಡೆಯ ಇಗರ್ಜಿಗೂ ಕರೆ ಬಂದಿತ್ತು, ಆದರೆ ಕರ್ಕಡರಿಗೂ ಹೋಗುವ ಮನಸ್ಸಿರಲಿಲ್ಲ. ದೊರ್ಕಾಬಾಯಿ ಬಂದು ಇಗರ್ಜಿಯ ಮೆಟ್ಟಿಲಲ್ಲಿ ಕುಳಿತಳು.

"ನೀವು ಹೋಗ್ಬೇಕು ಅಯ್ಯನವರೇ. ಅಲ್ಲಿ ಮೈಕು ಉಂಟಲ್ಲ."

"ಇಂಥ ಕಡೆ ಪ್ರಾರ್ಥನೆ ಮಾಡುವ ಕ್ರಮ ನಮ್ಮ ಸಭೆಯಲ್ಲಿ ಇಲ್ಲ ಬಾಯಿ."

"ನಮ್ಮವರ ಒಟ್ಟಿಗೆ ಬಿದ್ದವರತ್ರ ನಿಮ್ಮದು ಯಾವ ಸಭೆ ಅಂತ ಹೊಳೆ ಕೇಳ್ಲಿಲ್ಲ. ಸಿಮೆಂಟ್ ಎಲ್ಲಿಗೆ ಹೋಯ್ತು ಅಂತ ಒಬ್ಬರಾದ್ರೂ ಗಟ್ಟಿಯಾಗಿ ಕೇಳ್ಬೇಕು. ನನಗೆ ಬೇರೆ ಎಂತ ಬೇಡ. ನಾನು ಕೇಳಿದ್ರೆ ಪೊಲೀಸ್ರು ಹಿಡೀತಾರೆ. ನೀವು ದೇವರತ್ರ ಕೇಳಿ. ದೇವರತ್ರ ಕೇಳಿದ್ರೆ ಯಾರು ಹಿಡೀತಾರೆ?"

ಪಾದ್ರಿಗಳು ತಮ್ಮ ಕರಿ ನಿಲುವಂಗಿಗೆ ಇಸ್ತ್ರಿ ಹಾಕಿಸಿದರು.

ಸಮಾವೇಶ ಸಾಂಗವಾಗಿ ಸಾಗಿತು. ಒಬ್ಬರು ಮೃತರಿಗೆ ಸದ್ಗತಿ ಬೇಡಿದರು, ಇನ್ನೊಬ್ಬರು ಅರಸನಿಗೆ ದೀರ್ಘಾಯುಸ್ಸು ಬೇಡಿದರು, ಮತ್ತೊಬ್ಬರು ಎರಡನ್ನೂ ಬೇಡಿ ತಮ್ಮ ಆಶ್ರಮಕ್ಕೆ ರಸ್ತೆಯನ್ನೂ ಬೇಡಿದರು. ಆಮೇಲೆ ಕರ್ಕಡರು ಮೈಕಿನ ಮುಂದೆ ಬಂದು ತಲೆಬಾಗಿ ಕೈಜೋಡಿಸಿದರು.

"ಕರ್ತನೇ, ಈ ಸೇತುವೆಯ ಸಿಮೆಂಟ್ ಎಲ್ಲಿ ಹೋಯಿತೆಂದು ನೀನು ಬಲ್ಲೆ. ಅದು ಯಾರ ಮನೆಯ ಗೋಡೆಯಾಯಿತೆಂದೂ ಬಲ್ಲೆ. ಅದನ್ನು ನಮಗೂ ತಿಳಿಸು. ತಿಳಿಯುವವರೆಗೆ ನಮಗೆ ಸಮಾಧಾನ ಕೊಡಬೇಡ. ಯೇಸುವಿನ ನಾಮದಲ್ಲಿ ಬೇಡುತ್ತೇನೆ."

"ಆಮೆನ್!" ಎಂದಿತು ಗ್ಯಾಲರಿ. ಆ ಪದವನ್ನು ಹುಟ್ಟಿದಾರಭ್ಯ ಕೇಳದವರೂ ಅಂದರು. ಗಂಡನನ್ನು ಕಳಕೊಂಡವರು, ಮಕ್ಕಳನ್ನು ಕಳಕೊಂಡವರು ಎದ್ದು ನಿಂತು, ಬೇಕಾದ್ದು ಸಿಕ್ಕಿತೆಂಬಂತೆ ಮತ್ತೆ ಮತ್ತೆ ಅಂದರು. ಅರಸನ ಮುಗುಳ್ನಗೆ ಎಡಗಡೆಯಿಂದ ಜಾರಿತು. ಬಲಗಡೆಯದನ್ನು ಅವನು ಹೇಗೋ ಹಿಡಿದುಕೊಂಡನು.

"ಆ ಪಾದ್ರಿಯನ್ನು ಸೆರೆಗೆ ತಳ್ಳಿ!" ಎಂದು ಅರಸನು ಅರಮನೆಯಲ್ಲಿ ಗುಡುಗಿದನು.

"ಅವಸರ ಬೇಡ, ಪ್ರಭು," ಎಂದನು ಶರಭಾಂಕ. "ನಾವು ಹಿಡಿದರೆ ಸಿಮೆಂಟಿನ ಮಾತು ನಿಜವೆಂದಾಗುತ್ತದೆ. ಅವರ ಸಭೆಯವರೇ ಹಿಡಿಯಲಿ. ಪಾದ್ರಿ ಏನು ಕೇಳಿದ ಎಂಬುದನ್ನು ಬಿಟ್ಟು, ಎಲ್ಲಿ ನಿಂತು ಕೇಳಿದ ಎಂಬುದನ್ನು ಚರ್ಚೆಗೆ ಬಿಡೋಣ."

ಅವನು ಆ ಸಂಜೆಯೇ ಹಣ್ಣಿನ ಬುಟ್ಟಿಯೊಡನೆ ಐಮನ್ನರ ಮನೆಗೆ ಹೋದನು. ಐಮನ್ನರು ಹಣ್ಣನ್ನು ಹಿಂದಕ್ಕೆ ಕಳಿಸಿದರು. ಕರ್ಕಡರ ವಿಚಾರಣೆಯನ್ನು ಮಾತ್ರ ಆಗಲೇ ನಿಶ್ಚಯಿಸಿದ್ದರು. ಪ್ರಾಮಾಣಿಕರಿಗೆ ಲಂಚ ಕೊಡುವ ಖರ್ಚಿಲ್ಲವೆಂದು ಶರಭಾಂಕನಿಗೆ ಅಂದೇ ಗೊತ್ತಾದದ್ದು.

ಸಭೆಯು ವಿಚಾರಣಾ ಸಮಿತಿಯನ್ನು ನೇಮಿಸಿತು. ಪಾದ್ರಿಗಳು ಪ್ರಾರ್ಥಿಸುವಾಗ ಕಣ್ಣು ಮುಚ್ಚಿದ್ದರೇ? ಪಕ್ಕದ ಸ್ವಾಮಿಗಳು ಪ್ರಾರ್ಥಿಸುವಾಗಲೂ ಮುಚ್ಚಿದ್ದರೇ, ಅಥವಾ ಬಿಸಿಲಿಗೆ ಕಿರಿದು ಮಾಡಿದ್ದರೇ? ಮೌಲವಿಗಳ ಪಕ್ಕ ನಿಂತದ್ದೋ, ಮೌಲವಿಗಳ ಜೊತೆ ನಿಂತದ್ದೋ? ಅವರು ಕೊಟ್ಟ ನೀರಿನ ಬಾಟಲಿಯನ್ನು ತಕ್ಕೊಂಡದ್ದು ಬಾಯಾರಿಕೆಯಿಂದಲೋ ಐಕ್ಯದಿಂದಲೋ? ಸಭೆ ಎರಡು ಹೋಳಾಯಿತು. ಕಣ್ಣುಮುಚ್ಚಿದರು ಎನ್ನುವ ಪಕ್ಷದವರು ಇಗರ್ಜಿಯ ಬಲಗಡೆ ಕೂತರು, ಕಿರಿದು ಮಾಡಿದರು ಎನ್ನುವವರು ಎಡಗಡೆ ಕೂತರು. ಗಾಯನಮಂಡಳಿಯಲ್ಲಿ ಒಂದು ಮದುವೆಯ ಮಾತುಕತೆಯೂ ಇದರಿಂದ ಮುರಿದು ಬಿತ್ತು.

ಪತ್ರಿಕೆಗಳು ಇದನ್ನು ಮುಖಪುಟಕ್ಕೆ ಏರಿಸಿದವು. ಟಿವಿಯವರು ವೇದಿಕೆಯ ಚಿತ್ರದಲ್ಲಿ ಪಾದ್ರಿಗಳ ರೆಪ್ಪೆಗೆ ಕೆಂಪು ವೃತ್ತ ಹಾಕಿ ತೋರಿಸಿದರು. ಇದನ್ನು ಕಂಡು ಮಿಕ್ಕ ಧರ್ಮದವರಿಗೂ ತಾವು ಹಿಂದೆ ಬಿದ್ದೆವೆಂಬ ಕಳವಳ ಶುರುವಾಯಿತು. ಮಠದವರು ತಮ್ಮ ಸ್ವಾಮಿಗಳನ್ನು, ಮಸೀದಿಯವರು ತಮ್ಮ ಮೌಲವಿಗಳನ್ನು, "ನೀವು ಆಮೆನ್ ಅಂದದ್ದು ಹೌದೋ ಅಲ್ಲವೋ?" ಎಂದು ಕೂರಿಸಿ ಕೇಳತೊಡಗಿದರು. ಸುಮುಖಾವತಿಯಲ್ಲಿ ಎಲ್ಲ ಧರ್ಮಗಳೂ ಒಂದೇ ಕೆಲಸದಲ್ಲಿ ತೊಡಗಿದ್ದು ಅದೇ ಮೊದಲು. ಸೇತುವೆಯ ಕುರಿತು ಯಾರೂ ಉಸಿರೆತ್ತಲಿಲ್ಲ.

ಅಂತಿಮ ವಿಚಾರಣೆಯ ದಿನ ಇಗರ್ಜಿ ತುಂಬಿತ್ತು. ಶರಭಾಂಕನು ಸರ್ಕಾರದ ವೀಕ್ಷಕನೆಂದು ಬಂದು ಮುಂದಿನ ಬೆಂಚಿನಲ್ಲಿ ಕುಳಿತಿದ್ದನು. ದೊರ್ಕಾಬಾಯಿ ಬಾಗಿಲಬಳಿ ನಿಂತಿದ್ದಳು.

"ಕರ್ಕಡರೇ, ಬೇರೆ ದೇವರುಗಳಿಗೆ ಪ್ರಾರ್ಥಿಸಿದಿರಾ?" ಎಂದು ಐಮನ್ನರು ಕೇಳಿದರು.

"ಇಲ್ಲ ಅಯ್ಯನವರೇ. ನನ್ನ ದೇವರಿಗೇ ಪ್ರಾರ್ಥಿಸಿದೆ. ಕೇಳಿಸಿಕೊಂಡವರು ಬೇರೆಯವರಾಗಿದ್ದರು. ಅವರೂ ಅದೇ ಹೊಳೆಯ ದಂಡೆಯಲ್ಲಿ ಅತ್ತವರು."

ಐಮನ್ನರ ಮನಸ್ಸು ಕರಗಿತು. ಇಬ್ಬರೂ ಒಂದೇ ಕಾಲದಲ್ಲಿ ದೇವಜ್ಞಾನ ಕಲಿತವರು, ಒಂದೇ ಹಾಸ್ಟೆಲಿನ ನೀರುಸಾರು ಉಂಡವರು. ಅವರು ಮುಂದಕ್ಕೆ ಬಗ್ಗಿ ದನಿ ತಗ್ಗಿಸಿ ಹೇಳಿದರು: "ನೋಡಿ, ಅದು ಪ್ರಾರ್ಥನೆಯೇ ಅಲ್ಲ, ಬರೀ ಭಾಷಣ ಅಂತ ಒಂದು ಮಾತು ಹೇಳಿಬಿಡಿ. ಭಾಷಣ ಎಲ್ಲಿ ಮಾಡಿದರೂ ನಮ್ಮ ಸಭೆಯ ತಡೆಯಿಲ್ಲ. ನಾಳೆಯೇ ನೀವು ಪೀಠ ಹತ್ತಬಹುದು."

ಮುಂದಿನ ಬೆಂಚಿನಲ್ಲಿ ಶರಭಾಂಕನು ಗಂಟಲು ಸರಿಮಾಡಿಕೊಂಡನು. "ಒಂದು ಸ್ಪಷ್ಟನೆ, ಪೂಜ್ಯರೇ. ಪ್ರಾರ್ಥನೆಯಾದರೆ ಅದು ನಿಮ್ಮ ಆಂತರಿಕ ವಿಷಯ, ನಾವು ತಲೆಹಾಕುವುದಿಲ್ಲ. ಭಾಷಣವಾದರೆ ರಾಜದ್ರೋಹದ ಕಲಂ ಇದೆ. ಹೊರಗೆ ವ್ಯಾನು ನಿಂತಿದೆ."

ಕರ್ಕಡರು ಸಭೆಯನ್ನು ನೋಡಿದರು. ಬಲಗಡೆಯವರೂ ಎಡಗಡೆಯವರೂ ಕತ್ತು ಚಾಚಿದ್ದರು. ಪ್ರಾರ್ಥನೆ ಎಂದರೆ ಪೀಠ ಹೋಗುತ್ತದೆ, ಅಲ್ಲವೆಂದರೆ ಸೆರೆಮನೆ. ಅವರು ಬಾಗಿಲಬಳಿ ನಿಂತಿದ್ದ ದೊರ್ಕಾಬಾಯಿಯ ಕಡೆ ನೋಡಿದರು. ಅವಳು ಕೇಳಿದ್ದು ಒಂದೇ ಒಂದು ಸಂಗತಿ, ಅದಿನ್ನೂ ಹಾಗೆಯೇ ಉಳಿದಿತ್ತು.

"ಅದು ಪ್ರಾರ್ಥನೆಯೇ," ಎಂದರು ಪಾದ್ರಿಗಳು. "ಇನ್ನೂ ಮುಗಿದಿಲ್ಲ. ಉತ್ತರ ಬಂದಿಲ್ಲ."

ಅವರನ್ನು ಪೀಠದಿಂದ ಇಳಿಸಲಾಯಿತು. ನಿಲುವಂಗಿಯನ್ನು ಮಡಿಸಿ ಮೇಜಿನ ಮೇಲಿಟ್ಟು ಅವರು ಹೊರಗೆ ಬಂದರು. ದೊರ್ಕಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ನನ್ನಿಂದಾಗಿ ಹೀಗಾಯ್ತು ಅಯ್ಯನವರೇ," ಎಂದಳು. "ನಿನ್ನಿಂದ ಅಲ್ಲ ಬಾಯಿ," ಎಂದರು ಅವರು. ಹೊಳೆಗೆ ಇಳಿದು ಹೆಣ ಎಳೆದವರ ಮೇಲೆ ಕ್ರಮವಾಯಿತು, ಹೊಯಿಗೆಯ ಕಂಬ ನಿಲ್ಲಿಸಿದವನು ಅದನ್ನು ಮುಂದಿನ ಬೆಂಚಿನಲ್ಲಿ ಕೂತು ವೀಕ್ಷಿಸಿದನು.

ಮುಂದಿನದು ಬೇಗ ಬೇಗ ನಡೆಯಿತು. ಪ್ರಾರ್ಥನೆಯಲ್ಲಿ ಕೃತಜ್ಞತೆ ಇರತಕ್ಕದ್ದು, ಪ್ರಶ್ನೆ ಇರತಕ್ಕದ್ದಲ್ಲ ಎಂದು ಅರಸನು ಸುಗ್ರೀವಾಜ್ಞೆ ಹೊರಡಿಸಿದನು. ಹೊಸ ಸೇತುವೆಯ ಗುತ್ತಿಗೆ, ಹಳೆಯದರ ಅನುಭವವಿದ್ದವರಿಗೆ ಆದ್ಯತೆ ಎಂಬ ನಿಯಮದಂತೆ, ಶರಭಾಂಕನ ಕೈಗೇ ಬಂತು. ಖರ್ಚಿಗೆಂದು ದಾಟುವವರೆಲ್ಲರ ಮೇಲೆ ಸೌಹಾರ್ದ ಸೆಸ್ ಬಿತ್ತು. ಉದ್ಘಾಟನೆಯಂದು ಸರ್ವಧರ್ಮದ ಗುರುಗಳು ಸಾಲಾಗಿ ಕುಳಿತರು. ನಟ್ಟನಡುವೆ ಐಮನ್ನರು. ಅಂದು ಅವರಿಗೆ 'ಶುದ್ಧಾಚಾರ ಚೂಡಾಮಣಿ' ಬಿರುದು ಕೊಡುವುದಿತ್ತು, ಬಾರದಿದ್ದರೆ ಇಗರ್ಜಿಯ ಶಾಲೆಗಳ ಅನುದಾನಕ್ಕೆ ತೊಂದರೆಯಾಗುವುದಿತ್ತು. ಎಲ್ಲರೂ ಎದ್ದು ಮೌನವಾಗಿ ತಲೆಬಾಗಿದಾಗ ಅವರೂ ಬಾಗಿದರು. ಅದು ಪ್ರಾರ್ಥನೆಯಲ್ಲ, ಶಿಷ್ಟಾಚಾರವೆಂದು ಸಭೆಯ ಕಚೇರಿಯಿಂದ ಪ್ರಕಟಣೆ ಬಂತು.

ಸಮಾರಂಭ ಮುಗಿಸಿ ಐಮನ್ನರ ಕಾರು ಹೊಸ ಸೇತುವೆಯ ನಡುವೆ ಬಂದಾಗ, ಎದುರಿನಿಂದ ಹಂಚಿನ ಲಾರಿ ಬಂತು. ಸೇತುವೆ ಒಮ್ಮೆ ನರಳಿ ತೂಗಿತು.

"ಕರ್ತನೇ, ಕಾಪಾಡು!" ಎಂದು ಐಮನ್ನರು ಚೀರಿದರು.

"ಯಾ ಅಲ್ಲಾ!" ಎಂದ ಚಾಲಕ ಮೊಯಿದ್ದೀನ್.

"ನಾರಾಯಣ, ನಾರಾಯಣ!" ಎಂದು ಲಾರಿಯವನು ಸ್ಟೇರಿಂಗಿಗೆ ಹಣೆ ಚಚ್ಚಿದ. ನಡೆದು ಹೋಗುತ್ತಿದ್ದವರೆಲ್ಲ ಕಂಬಿ ಹಿಡಿದು, ಬಾಯಿಗೆ ಬಂದ ದೇವರನ್ನೆಲ್ಲ ಕರೆದರು.

ತೂಗಾಟ ನಿಂತಿತು. ಮೊಯಿದ್ದೀನ್ ಬೆವರು ಒರೆಸಿಕೊಂಡು ಕಾರು ಚಾಲೂ ಮಾಡಿದ. "ಹೆದರ್ಬೇಡಿ ಅಯ್ಯನವರೇ," ಎಂದ. "ನಾವು ಒಟ್ಟಿಗೆ ಪ್ರಾರ್ಥನೆ ಮಾಡಿದ್ದನ್ನು ನಾನು ಯಾರತ್ರವೂ ಹೇಳುದಿಲ್ಲ."

ಇದು ಒಂದು ದಿನದ ಮಾತಾಗಲಿಲ್ಲ. ಲಾರಿ ಬಂದಾಗಲೆಲ್ಲ ಸೇತುವೆ ತೂಗುತ್ತಿತ್ತು, ಜನ ಒಕ್ಕೊರಲಿನಿಂದ ಮೊರೆಯಿಡುತ್ತಿದ್ದರು. ಸುದ್ದಿ ಕೇಳಿ ಅರಸನ ಮುಗುಳ್ನಗೆ ಎರಡೂ ಕಡೆಗೆ ಮರಳಿತು. ಸರ್ವಧರ್ಮ ಪ್ರಾರ್ಥನೆಯು ಸರ್ಕಾರಿ ಸೇತುವೆಯ ಮೇಲೆ ಪ್ರತಿನಿತ್ಯ ತಾನಾಗಿಯೇ ನಡೆಯುತ್ತಿರುವುದನ್ನು ಮನಗಂಡು, ಈ ಹೆಚ್ಚುವರಿ ಸೌಲಭ್ಯಕ್ಕಾಗಿ ಸೌಹಾರ್ದ ಸೆಸ್ಸನ್ನು ಇಮ್ಮಡಿಗೊಳಿಸಲಾಗಿದೆ ಎಂದು ಫಲಕ ಹಾಕಿಸಿದನು.

ಗಂಡನ ಕೆಲಸ ದೊರ್ಕಾಬಾಯಿಗೆ ಸಿಕ್ಕಿತ್ತು. ಬೆಳಿಗ್ಗೆ ಬುತ್ತಿ ಹಿಡಿದು ಬಂದವಳು ಫಲಕ ಓದಿದಳು. ಹೊಳೆಯ ಆಚೆ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಸೆರಗಿನ ಗಂಟು ಬಿಚ್ಚಿ, ಇಮ್ಮಡಿ ಸೆಸ್ ಕೊಟ್ಟು, ಸೇತುವೆಯ ಮೇಲೆ ಕಾಲಿಟ್ಟಳು.