ಎರಡಾಳು ಆಳದ ಹೊಂಡ

ಮಳೆನೀರಿನ ಲೆಕ್ಕವನ್ನು ನನ್ನಷ್ಟು ಬಲ್ಲವರು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ನಿವೃತ್ತನಾಗುವವರೆಗೂ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದವನು ನಾನು. ಎಷ್ಟು ಮಳೆಗೆ ಎಷ್ಟು ನೀರು ಹರಿಯುತ್ತದೆ, ಅದನ್ನು ಹಿಡಿಯಲು ಎಷ್ಟು ದೊಡ್ಡ ಹೊಂಡ ಬೇಕು ಎಂದು ಹಲಗೆಯ ಮೇಲೆ ಬರೆದು ಬರೆದು ಕೈ ಸವೆದಿತ್ತು. ಹಲಗೆಯ ಮೇಲೆ ನನ್ನ ಒಂದು ಹೊಂಡವೂ ಉಕ್ಕಿ ಹರಿದದ್ದಿಲ್ಲ.

ಹಾಗಾಗಿ ಹೆಂಡತಿಯ ತಮ್ಮ ಈರಣ್ಣ ಸಹಾಯ ಕೇಳಿ ಬಂದಾಗ ನನಗೆ ಹಿಗ್ಗೋ ಹಿಗ್ಗು. ಈರಣ್ಣ ಹತ್ತಿ ವ್ಯಾಪಾರಿ. ಊರ ಹೊರಗೆ ಅವನ ಗೋದಾಮು. ಅದರ ಮೇಲಿನ ಏರಿನಲ್ಲಿ ಒಂದು ಕಲ್ಲಿದ್ದಲು ಡಿಪೋ. ಮಳೆ ಬಂದರೆ ಕಲ್ಲಿದ್ದಲ ರಾಶಿ ತೊಳೆದುಕೊಂಡು ಬರುವ ಕರಿನೀರು ನಿಲ್ಲಲೆಂದು, ಪುಡಿ ತಳಕ್ಕಿಳಿಯಲೆಂದು ಅಲ್ಲೊಂದು ಹೊಂಡ ತೋಡಿದ್ದರು.

"ಮಾಮಾ, ಆ ಹೊಂಡ ಈ ಸಲದ ಮಳಿ ತಡೀತೈತೋ ಇಲ್ಲೋ ನೋಡಿ ಹೇಳ್ರಿ. ತಡಿಯೂದಿಲ್ಲ ಅಂದ್ರ ಹತ್ತಿ ಬ್ಯಾರೆ ಕಡೆ ಸಾಗಸ್ತೇನಿ. ನನ್ನ ಬಂಡವಾಳೆಲ್ಲಾ ಅದರಾಗ ಐತಿ."

ಒಳಗಿನಿಂದ ಹೆಂಡತಿ ಗಿರಿಜಾ ಕೇಳಿದಳು: "ನಮ್ಮ ಮಾಳಿಗಿ ಮ್ಯಾಲಿನ ಟಾಕಿ ತುಂಬಿ ಹರದ್ರ ನಿಮಗ ಗೊತ್ತಾಗೂದಿಲ್ಲ. ಅಲ್ಲಿ ಹೋಗಿ ಏನ್ ಹೇಳ್ತೀರಿ?"

ವಿದ್ವಾಂಸರು ಇಂಥ ಮಾತಿಗೆ ಉತ್ತರ ಕೊಡುವುದಿಲ್ಲ. ಟೇಪು ಹಿಡಿದು ಹೊರಟೆ.

ಡಿಪೋದ ಮಾಲೀಕರು ಬಹಳ ವಿನಯವಂತರು. ಗಿರಮಿಟ್ಟು, ಮಿರ್ಚಿ ಭಜಿ ತರಿಸಿದರು. ನಾನು ಹೊಂಡದ ಉದ್ದ ಅಳೆದೆ, ಅಗಲ ಅಳೆದೆ. ನೀರೊಳಗೆ ಗಳ ಇಳಿಸಿ ಆಳವನ್ನೂ ನೋಡಬೇಕಿತ್ತು. ಆದರೆ ಅಂಚಿನಲ್ಲಿ ಬರೀ ಕರಿ ರಾಡಿ. ನನ್ನ ಬೂಟು ಹೊಸದು.

"ಆಳ ಎಷ್ಟೈತ್ರಿ?" ಎಂದೆ.

"ಎರಡಾಳು ಐತ್ರಿ ಸರ. ನಾನಽ ನಿಂತು ತೋಡ್ಸೇನಿ."

ಆ ಮಾತು ಸುಳ್ಳಲ್ಲ. ತೋಡಿಸಿ ಎಷ್ಟು ವರ್ಷವಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಗುಣಾಕಾರ ಮಾಡಿ ತೀರ್ಪು ಕೊಟ್ಟೆ. ಹೊಂಡ ಧಾರಾಳವಾಗಿ ಸಾಕು, ಹತ್ತಿ ಅಲುಗಿಸುವ ಅಗತ್ಯವಿಲ್ಲ!

ಮುಂಗಾರಿನ ಮೊದಲಿಗೆ ಬೀಳುವ ಮಿರಗದ ಮಳೆ ಜೋರಾಗಿಯೇ ಬಂತು. ಮರುದಿನ ಬೆಳಿಗ್ಗೆ ಈರಣ್ಣನ ಫೋನು. "ಮಾಮಾ, ಬರ್ರಿ" ಎಂದಷ್ಟೇ ಹೇಳಿದ.

ಹೊಂಡ ಉಕ್ಕಿ, ಒಡ್ಡು ಒಡೆದು, ನೀರೆಲ್ಲ ಗೋದಾಮಿಗೆ ನುಗ್ಗಿತ್ತು. ಕೆಳಸಾಲಿನ ಹತ್ತಿ ತುಂಬಿದ ಅಂಡಿಗೆಗಳು ಕರಿನೀರು ಕುಡಿದು ಉಬ್ಬಿ ಕೂತಿದ್ದವು. ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಈರಣ್ಣ, ಹಮಾಲರು ಎಲ್ಲರನ್ನೂ ಕರೆದುಕೊಂಡು ಏರು ಹತ್ತಿದೆ.

"ಒಡ್ಡು ಕಚ್ಚಾ ಇತ್ತು, ಅದಕ್ಕ ಹಿಂಗಾತು. ಹೊಂಡ ಸಾಕಷ್ಟೈತಿ. ಬೇಕಾದ್ರ ಆಳ ನೋಡ್ರಿ" ಎನ್ನುತ್ತ, ನೀರು ಬಸಿದ ಹೊಂಡದೊಳಗೆ ಕಾಲಿಟ್ಟೆ.

ಸೊಂಟದವರೆಗೆ ಹೋದೆ. ಬೂಟಿಗೆ ತಳ ಸಿಗಲಿಲ್ಲ. ಎರಡಾಳು ಆಳದಲ್ಲಿ ಮುಕ್ಕಾಲು ಪಾಲು ಕಲ್ಲಿದ್ದಲ ಹೂಳೇ ತುಂಬಿತ್ತು. ನೀರಿಗೆಂದು ಉಳಿದದ್ದು ಬರೀ ಅರ್ಧಾಳು ಜಾಗ. ಹಮಾಲರು ಹಗ್ಗ ಎಸೆದು, ಅಂಡಿಗೆ ಎಳೆದಂತೆ ನನ್ನನ್ನು ಎಳೆದು ಹಾಕಿದರು.

ಮೈಯೆಲ್ಲ ಕರಿ ರಾಡಿ. ಗೋದಾಮಿಗೆ ಇಳಿದು ಬಂದು, ಸಿಕ್ಕ ಆಸರೆಗೆ ಒರಗಿ ನಿಂತೆ. ಈರಣ್ಣ ನನ್ನನ್ನೇ ನೋಡುತ್ತ ಮೆಲ್ಲಗೆ ಹೇಳಿದ:

"ಮಾಮಾ, ಆ ಸಾಲೊಂದು ಬೆಳ್ಳಗ ಉಳದಿತ್ರಿ."

ತಿರುಗಿ ನೋಡಿದೆ. ಹತ್ತಿಯ ಮೇಲೆ ನನ್ನ ಬೆನ್ನು, ಎರಡು ಅಂಗೈ, ಅಚ್ಚೊತ್ತಿದ ಹಾಗೆ ಮೂಡಿದ್ದವು.

ಅಷ್ಟರಲ್ಲಿ ಡಿಪೋದ ಮಾಲೀಕರೂ ಬಂದರು. ಅದೇ ವಿನಯ. "ನಾವೇನ್ ಮಾಡೂಣ್ರಿ ಈರಣ್ಣಾ? ಪ್ರೊಫೆಸರ್ ಸಾಹೇಬ್ರಽ ಸಾಕು ಅಂದಿದ್ರು. ಸಾಲೂದಿಲ್ಲ ಅಂದಿದ್ರ ಅವತ್ತಽ ಹೂಳು ತಗಸ್ತಿದ್ವಿ."

ಈರಣ್ಣ ಬಣ್ಣ ನೋಡದೆ ಕೊಳ್ಳುವ ಗಾದಿ ಹೊಲಿಯುವವರಿಗೆ ಸಿಕ್ಕ ಬೆಲೆಗೆ ಹತ್ತಿ ಮಾರಿದ. ಈಗ ನಮ್ಮ ಮನೆಗೆ ಬಂದರೆ ಗೇಟಿನಲ್ಲೇ ನಿಂತು ಅಕ್ಕನ ಜೊತೆ ಮಾತಾಡಿ ಹೋಗುತ್ತಾನೆ. ಗಿರಿಜಾ ನನ್ನನ್ನು ಬೈಯುವುದನ್ನೇ ಬಿಟ್ಟಿದ್ದಾಳೆ. ಬೈದರೆ ಚೆನ್ನಾಗಿತ್ತು.

ಮೊನ್ನೆ ಡಿಪೋದ ಮಾಲೀಕರು ಫೋನು ಮಾಡಿದ್ದರು. ಅವರ ಪರಿಚಯದವರದೊಂದು ಡಿಪೋ ಇದೆಯಂತೆ, ಕೆಳಗೆ ಯಾರದೋ ಹೊಲವಂತೆ. "ಸರ, ಅಲ್ಲೂ ಒಂದ್ ಹೊಂಡ ನೋಡಿ ಸಾಕು ಅಂತ ಹೇಳಬೇಕಾಗಿತ್ರಿ. ನಮಗ ನಿಮ್ಮಂಥ ತಿಳದವ್ರಽ ಬೇಕು."

ನಿವೃತ್ತನಾದ ಮೇಲೆ ನನ್ನ ವಿದ್ಯೆಯನ್ನು ಮೆಚ್ಚಿ ಬಂದ ಕರೆ ಅದೊಂದೇ.