ಮೊದಲು ಜಾಗ, ಆಮೇಲೆ ವಿಚಾರಣೆ

ನಮ್ಮ ಚಿಕ್ಕಪ್ಪನಿಗೆ ಕ್ಯೂ ಕಂಡರೆ ಸಾಕು, ಯಾತಕ್ಕೆಂದು ಕೇಳದೆ ನಿಂತುಬಿಡುತ್ತಾರೆ! ಮೊದಲು ಜಾಗ, ಆಮೇಲೆ ವಿಚಾರಣೆ. ಪಕ್ಕದ ಊರು ಎಮರಿವಿಲ್ಲಿನಲ್ಲಿ ಒಮ್ಮೆ ಹೀಗೇ ನಿಂತು ತುದಿ ಮುಟ್ಟಿದಾಗ ಗೊತ್ತಾಯಿತು, ಅದು ನಾಯಿಗಳಿಗೆ ಲಸಿಕೆ ಹಾಕಿಸುವ ಸಾಲು! "ನಿಮ್ಮ ನಾಯಿ ಎಲ್ಲಿ?" ಎಂದಳಂತೆ ಅಲ್ಲಿದ್ದ ಹುಡುಗಿ. "ಅದು ಆಮೇಲೆ ಬರುತ್ತೆ, ನಾನು ಜಾಗ ಹಿಡಿದಿದೀನಿ ಅಷ್ಟೆ" ಎಂದರಂತೆ ಇವರು. ಮನೆಯಲ್ಲಿ ಒಂದು ಬೆಕ್ಕೂ ಇಲ್ಲ!

ಇದಕ್ಕೆಲ್ಲ ಕಾರಣ ರಷ್ಯಾ. ಮೈಸೂರಿನಿಂದ ಅರ್ಥಶಾಸ್ತ್ರ ಓದಲು ಹೋದವರು ಅಲ್ಲೇ ಮೇಷ್ಟ್ರಾದರು. ಕಮ್ಯುನಿಸಂ ಕುಸಿದು ಮಾರುಕಟ್ಟೆ ಬಂದದ್ದನ್ನು ಕಣ್ಣಾರೆ ಕಂಡರು. ಆಮೇಲೆ ಈ ಡಾಲರ್ ದೇಶಕ್ಕೆ ಬಂದು, ಈಗ ಇಲ್ಲಿನ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಾರೆ. ಅಲ್ಲಿ ಮುಗಿದ ಮೇಲೆ ನಮಗೂ ಮಾಡುತ್ತಾರೆ, ಬೇಡವೆಂದರೆ ಬಿಡುತ್ತಾರೆಯೇ?

"ನೋಡಮ್ಮಾ, ಮೊದಲು ಕೈಲಿ ದುಡ್ಡಿತ್ತು, ಅಂಗಡೀಲಿ ಬ್ರೆಡ್ ಇರಲಿಲ್ಲ. ಅದಕ್ಕೇ ಕ್ಯೂ. ಆಮೇಲೆ ಮಾರ್ಕೆಟ್ಟು ಬಂತು. ಅಂಗಡಿ ತುಂಬಾ ಬ್ರೆಡ್ಡು, ಬೆಲೆ ಮಾತ್ರ ಆಕಾಶದಲ್ಲಿ. ಕ್ಯೂ ಮಾಯ! ಎಲ್ಲರೂ ಸುಧಾರಣೆ ಅಂದ್ರು. ನಾನು ಹೆದರ್ಕೊಂಡೆ, ಕ್ಯೂ ಇಲ್ಲ ಅಂದ್ರೆ ಜನರ ಕೈಲಿ ದುಡ್ಡಿಲ್ಲ ಅಂತ."

"ಆಮೇಲೆ ಸರಿಹೋಯ್ತಲ್ಲ ಚಿಕ್ಕಪ್ಪ?"

"ದೇಶದ ಆದಾಯ ಇಳಿಯುತ್ತೆ, ಏರುತ್ತೆ, ಮತ್ತೆ ಇಳಿಯುತ್ತೆ. ಪುಸ್ತಕದಲ್ಲಿ ಆ ಗೆರೆ ಎಷ್ಟು ಚೆನ್ನಾಗಿರುತ್ತೆ ಅಂತೀಯ! ಇಳಿಯೋವಾಗ ಅದರೊಳಗೆ ಇರೋರಿಗೆ ಅದು ಗೆರೆ ಅಲ್ಲಮ್ಮ."

ರಷ್ಯಾದ ರಿವಾಜಿನಂತೆ ಸಾಲಿನ ಕೊನೆಯವರು ಯಾರೆಂದು ಕೇಳಿ, "ನಿಮ್ಮ ಹಿಂದೆ ನಾನು" ಎಂದು ಹೇಳಿಟ್ಟರೆ ಎಲ್ಲಿಗೆ ಬೇಕಾದರೂ ಹೋಗಿಬರಬಹುದಂತೆ. ಸರಟೋಗಾದ ಒಂದು ಮದುವೆಯಲ್ಲಿ ಅಕ್ಷತೆ ಹಾಕುವ ಸಾಲಿನಲ್ಲಿ ಒಬ್ಬ ಡಾಕ್ಟರಿಗೆ ಹಾಗೆ ಹೇಳಿಟ್ಟು, ಊಟ ಮುಗಿಸಿ ಬಂದು ನಡುವೆ ತೂರಿಕೊಂಡರು. ಹಿಂದಿದ್ದ ಹೆಂಗಸರು ಸುಮ್ಮನಿರುತ್ತಾರೆಯೇ? ನಾನು ತಲೆ ಎತ್ತಲಾಗದೆ ಪಾರ್ಕಿಂಗಿಗೆ ಓಡಿದೆ.

ಕಳೆದ ವರ್ಷ ಒಂದು ಭಾನುವಾರ ದೋಸೆ ಹೋಟೆಲಿಗೆ ಹೋದರೆ ಕಾಯುವ ಕೆಲಸವೇ ಇಲ್ಲ! ನಾನು ಕುಣಿದೆ. ಚಿಕ್ಕಪ್ಪ ಬಾಗಿಲಲ್ಲೇ ಬೆಚ್ಚಿ ನಿಂತರು.

"ಕ್ಯೂ ಎಲ್ಲಮ್ಮಾ? ಜನ ಎಲ್ಲಿ ಹೋದ್ರು?"

"ಟೇಬಲ್ ಸಿಕ್ತಲ್ಲ, ಬನ್ನಿ."

"ನಿನ್ನ ಹಾಸನದ ಗೆಳತಿ ಎಲ್ಲಿ? ಪ್ರತಿ ವಾರ ಬರ್ತಿದ್ದಳಲ್ಲ?"

"ಡಯಟ್ಟಂತೆ. ಫೋನೂ ಎತ್ತಲ್ಲ. ಕೊಬ್ಬು!"

ಅವರು ಅಂದು ದೋಸೆ ಮುಟ್ಟಲಿಲ್ಲ.

ಕೆಲವು ವಾರಗಳ ನಂತರ ದೇವಸ್ಥಾನದ ಪರಿಚಯದವರೊಬ್ಬರು ಫೋನ್ ಮಾಡಿದರು. "ನಿಮ್ಮ ಚಿಕ್ಕಪ್ಪ ಮಾರ್ಗನ್ ಹಿಲ್ಲಲ್ಲಿ ಫ್ರೀ ಗ್ರೋಸರಿ ಕೊಡೋ ಲೈನಲ್ಲಿ ನಿಂತಿದಾರೆ ಕಣ್ರೀ!"

ಸಂಬಳ ಬರುವ ಮನುಷ್ಯ, ಬಡವರ ಸಾಲಿನಲ್ಲಿ! ಮಾನ ಹರಾಜಾಯಿತೆಂದು ಫ್ರೀವೇ ಉದ್ದಕ್ಕೂ ಬೈಯುತ್ತಾ ಹೋದೆ. ಚರ್ಚಿನ ಹೊರಗಿದ್ದ ಸಾಲಿನಲ್ಲಿ ಅವರು ನಿಜವಾಗಿಯೂ ನಿಂತಿದ್ದರು, ತಲೆಯ ಮೇಲೆ ಉಣ್ಣೆ ಟೋಪಿ.

"ಚಿಕ್ಕಪ್ಪಾ, ಇದು ಯಾತಕ್ಕೆ ಲೈನು ಅಂತಾದ್ರೂ ಗೊತ್ತಾ ನಿಮಗೆ?"

"ಗೊತ್ತಮ್ಮ. ನನಗಲ್ಲ. ಅವಳು ಆಮೇಲೆ ಬರ್ತಾಳೆ, ನಾನು ಜಾಗ ಹಿಡಿದಿದೀನಿ ಅಷ್ಟೆ."

ಅವರು ಕಣ್ಣಲ್ಲೇ ತೋರಿಸಿದ ಕಾರಿನಲ್ಲಿ ನನ್ನ ಹಾಸನದ ಗೆಳತಿ ತಲೆ ತಗ್ಗಿಸಿ ಕೂತಿದ್ದಳು!

"ಆ ದೋಸೆ ದಿನವೇ ಅನುಮಾನ ಬಂತು, ಅವಳ ಮನೆಗೆ ಹೋಗಿ ಕೇಳಿದೆ. ಗಂಡ ಹೆಂಡತಿ ಇಬ್ಬರ ಕೆಲಸಾನೂ ಹೋಗಿ ತಿಂಗಳುಗಳಾದ್ವು. ಎಲ್ಲರ ಕಣ್ಣಮುಂದೆ ಅಷ್ಟು ಹೊತ್ತು ನಿಲ್ಲೋದು ಕಷ್ಟಮ್ಮ. ನಾನೇ ಕೊಂಡುಕೊಟ್ರೆ ದಾನ ಅಂತ ಮುಟ್ಟಲ್ಲ. ಜಾಗ ಹಿಡಿಯೋದು ದಾನ ಅಲ್ಲವಲ್ಲ!" ಎಂದರು. ಆಮೇಲೆ ಮೆಲ್ಲಗೆ, "ರಷ್ಯಾದಲ್ಲಿ ಒಂದು ಚಳಿಗಾಲ ನಮಗ್ಯಾರಿಗೂ ಸಂಬಳ ಬರಲಿಲ್ಲ. ಗಂಜಿ ಸಾಲಲ್ಲಿ ನನ್ನ ವಿದ್ಯಾರ್ಥಿಗಳು ಇರ್ತಿದ್ರು. ಪಕ್ಕದ ಮನೆ ಅಜ್ಜಿ ನನ್ನ ಜಾಗ ಹಿಡೀತಿದ್ದಳು" ಎಂದರು.

ಅಯ್ಯೋ, ಇಷ್ಟು ವರ್ಷ ನಾವು ನಕ್ಕಿದ್ದು ಇದಕ್ಕೆಯೇ? ಅವರನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿ ಆ ಜಾಗದಲ್ಲಿ ನಾನು ನಿಂತೆ.

ಸರದಿ ಹತ್ತಿರ ಬಂದಾಗ ಗೆಳತಿ ಕಾರಿನಿಂದ ಇಳಿದಳು. ನನ್ನನ್ನು ಕಂಡು ಅವಳ ಕಾಲುಗಳು ಅಲ್ಲೇ ನಿಂತವು.

"ಬಾರೇ," ಎಂದೆ, "ನಿನ್ನ ಜಾಗ ಇಲ್ಲೇ ಇದೆ."